ಖಾಲಿ ಗಾಜಿನ ಸಂಕೇತ

ಜರ್ಮನಿಗೆ ಬಂದ ಮೊದಲ ಭಾನುವಾರ ಮಧ್ಯಾಹ್ನ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಕೆಳಮನೆಯ ಮುದುಕಿ ಬಾಗಿಲು ತಟ್ಟಿ, ‘ರೂಹೆ’ ಎಂದಷ್ಟೇ ಹೇಳಿ ಹೋದಳು. ನಮ್ಮ ಹುಮನಾಬಾದಿನ ಉರ್ದುವಿನಲ್ಲಿ ರೂಹ್ ಎಂದರೆ ಆತ್ಮ. ಇಲ್ಲಿ ರೂಹೆ ಎಂದರೆ ನಿಶ್ಶಬ್ದ; ಭಾನುವಾರ ಸದ್ದು ಮಾಡುವುದು ತಪ್ಪು. ನಮ್ಮ ಓಣಿಯಲ್ಲಾದರೆ ರೊಟ್ಟಿಯ ಸದ್ದು ಕೇಳದ ದಿನ ಪಕ್ಕದ ಮನೆಯವರು ಮೈಗೆ ಹುಷಾರಿಲ್ಲವೇ ಎಂದು ಬಂದು ನೋಡುತ್ತಾರೆ. ಅಂದಿನಿಂದ ರೊಟ್ಟಿಯನ್ನು ಲಟ್ಟಿಸತೊಡಗಿದೆ. ಅಂಚೆಲ್ಲ ಒಡೆಯುತ್ತಿತ್ತು.

ನಾನು ಬಂದದ್ದು ಸಂಶೋಧನೆಯ ಕೆಲಸಕ್ಕೆ. ಬಹಳ ತೆಳುವಾದ ಅರೆವಾಹಕದ ಮೇಲೆ ಲೇಸರಿನ ಒಂದು ಮಿಡಿತ ಬಿದ್ದರೆ ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟೇಳುತ್ತದೆ. ಆ ಎಲೆಕ್ಟ್ರಾನೂ ಅದು ಬಿಟ್ಟ ಖಾಲಿ ಜಾಗವೂ ಸೆಳೆತದಲ್ಲಿ ಜೋಡಿಯಾಗಿರುವುದೇ ಎಕ್ಸಿಟಾನ್. ಅದೆಷ್ಟು ಬೇಗ ಅಳಿಯುತ್ತದೆಂದು ಎರಡನೆಯ ಮಿಡಿತ ಕಳಿಸಿ ನೋಡುತ್ತೇವೆ. ರೆಪ್ಪೆ ಬಡಿಯುವ ಹೊತ್ತನ್ನು ಲಕ್ಷ ಕೋಟಿ ಚೂರು ಮಾಡಿದರೆ ಒಂದು ಚೂರು ನಮ್ಮ ಅಳತೆ.

ನನ್ನ ಸಹೋದ್ಯೋಗಿ ಯೋನಾಸ್, ಎಕ್ಸಿಟಾನ್ ಅತಿವೇಗದಲ್ಲಿ ಅಳಿಯುವುದನ್ನು ತೋರಿಸುವ ಸಂಕೇತವೊಂದನ್ನು ಹಿಡಿದಿದ್ದ. ಆ ಪ್ರಬಂಧದಿಂದ ತಂಡಕ್ಕೆ ಹೆಸರು ಬಂದಿತ್ತು. ಎರಡನೆಯ ಚಳಿಗಾಲದಲ್ಲಿ ನಾನು ಅರೆವಾಹಕ ತೆಗೆದು, ಅದನ್ನು ಕೂರಿಸುವ ಗಾಜನ್ನಷ್ಟೇ ಇಟ್ಟು ಅಳೆದೆ. ಅದೇ ಸಂಕೇತ ಬಂತು. ಮೂರು ದಿನ ಮತ್ತೆ ಮತ್ತೆ ಅಳೆದೆ. ಎರಡು ಮಿಡಿತಗಳು ಗಾಜಿನಲ್ಲಿ ಒಟ್ಟಿಗೆ ಸೇರಿದಾಗ ಹುಟ್ಟುವ ಸಂಕೇತ ಅದು, ಎಕ್ಸಿಟಾನಿನದಲ್ಲ.

ತಂಡದ ಮುಖ್ಯಸ್ಥರಾದ ಪ್ರಾಧ್ಯಾಪಕರು ನಾನು ಕೊಟ್ಟ ಅಳತೆಯ ಹಾಳೆಯನ್ನು ಮಗುಚಿಟ್ಟು, “ಇದು ಈ ಕೋಣೆಯಲ್ಲೇ ಇರಲಿ” ಎಂದರು. ನಾನು ಒಪ್ಪಲಿಲ್ಲ, ವಾರದ ಸಭೆಯಲ್ಲಿ ತೋರಿಸಿದೆ. ಮರುದಿನದಿಂದ ಯೋನಾಸ್ ಊಟಕ್ಕೆ ಬೇರೆ ಮೇಜಿಗೆ ಹೋಗತೊಡಗಿದ. ತಿಂಗಳೊಳಗೆ, ನನ್ನ ಗುತ್ತಿಗೆ ಮುಂದುವರಿಯುವುದಿಲ್ಲ ಎಂಬ ಪತ್ರ ಬಂತು.

ಬಸವಕಲ್ಯಾಣದಲ್ಲಿ ಶಿಕ್ಷಕಿಯಾಗಿರುವ ಅಕ್ಕನಿಗೆ ಫೋನ್ ಮಾಡಿದೆ.

“ಸುಮ್ನ ಇರಬಾರದಿತ್ತೇನ ನೀ?”

“ಅವರ ಅಳತಿನೇ ತಪ್ಪ ಅದ ಅಕ್ಕಾ.”

“ಹಂಗಿದ್ರ ಹೇಳಿದ್ದು ಛಲೋ ಆತು ಬಿಡು. ಮತ್ತ ಅಳಾಕತ್ತಿ ಯಾಕ?”

ಜರ್ಮನ್ ಭಾಷೆಯಲ್ಲಿ ಹಲ್ಲುನೋವನ್ನು ವೈದ್ಯರಿಗೆ ವಿವರಿಸಿದ ದಿನ ಗೆದ್ದೆನೆಂದು ಬೀಗಿದ್ದೆ. ಈ ಪತ್ರಕ್ಕೆ ಉತ್ತರ ಬರೆಯುವಷ್ಟು ಭಾಷೆ ಬಂದಿರಲಿಲ್ಲ.

ಬೇರೆ ನಗರದ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಕೆಲವು ತಿಂಗಳ ನಂತರ ಹಳೆಯ ತಂಡ ತಿದ್ದುಪಡಿಯೊಂದನ್ನು ಪ್ರಕಟಿಸಿತು. ಅದರಲ್ಲಿದ್ದದ್ದು ನಾನು ಅಳೆದ ಗಾಜು. ಬರೆದವರು ಯೋನಾಸ್ ಮತ್ತು ಪ್ರಾಧ್ಯಾಪಕರು. ನನ್ನ ಹೆಸರು ಕೊನೆಯ ಕೃತಜ್ಞತೆಯಲ್ಲಿತ್ತು, ಒಂದಕ್ಷರ ತಪ್ಪಾಗಿ.

ಈ ಸಲ ರಜೆಗೆ ಊರಿಗೆ ಹೋದಾಗ ಅಕ್ಕ, “ಇಲ್ಲೇ ಕಾಲೇಜಿನ್ಯಾಗ ಕಲಿಸು” ಎಂದಳು. ಇಲ್ಲಿ ಆ ಲೇಸರಿಲ್ಲ ಎಂದೆ. “ಅಲ್ಲಿ ನಿನಗ ಯಾರಿದ್ದಾರ?” ಎಂದಳು.

ಜರ್ಮನಿಗೆ ಹೊರಡುವ ದಿನ ನಮ್ಮ ಹುಮನಾಬಾದ್ ಬಸ್ ನಿಲ್ದಾಣದಲ್ಲಿ, ಮನ್ನಾಏಖೇಳ್ಳಿಗೆ ಹೋಗುವ ಹೆಂಗಸೊಬ್ಬಳು ನನ್ನ ಚೀಲಗಳನ್ನು ನೋಡಿ, “ನಿಮ್ಮ ಊರಿಗಿ ಹೊಂಟೀರೇನ್ರಿ?” ಎಂದು ಕೇಳಿದಳು.

“ಹೌದ್ರಿ” ಎಂದುಬಿಟ್ಟೆ.

ಬೀಳ್ಕೊಡಲು ಬಂದಿದ್ದ ಅಕ್ಕ ನನ್ನ ಮುಖ ನೋಡಿದಳು. ಬಸ್ಸು ಬಂದಾಗ ಚೀಲಗಳನ್ನು ಒಂದೊಂದಾಗಿ ಎತ್ತಿ ನನ್ನ ಕೈಗೆ ಕೊಟ್ಟಳು.