ಅಂಬಲಿಗೆ ಯಾವ ನೀರು

ನಿಡುಗಲ್ ಸೀಮೆಯಲ್ಲಿ ಹುಣಸೆ ಉದುರಿಸುವುದಕ್ಕೆ ಕದಿರಯ್ಯನೇ ಆಗಬೇಕಿತ್ತು. ಕೊಂಬೆಯ ತುದಿಗೆ ಹೋಗಿ ಕುಲುಕಿದನೆಂದರೆ ಕೆಳಗಿದ್ದ ಹೆಂಗಸರು ತಲೆಗೆ ಸೆರಗು ಹಾಕಿಕೊಂಡು ಓಡಬೇಕು. ಮೇಲಿಂದಲೇ ಅವರನ್ನು ರೇಗಿಸುವ ಬಾಯಿ ಬೇರೆ. ಅಂಥವನಿಗೆ ನಲವತ್ತೈದು ದಾಟುವಷ್ಟರಲ್ಲಿ ಬೆನ್ನು ಬಾಗಿತು, ಕತ್ತು ಬಿಗಿಯಿತು. ಎದುರು ನಿಂತವರ ಮುಖ ನೋಡಬೇಕಾದರೂ ಮಲಗಬೇಕಾಯಿತು.

ಮತ್ತೆ ಮರ ಹತ್ತಬೇಕು, ಅಷ್ಟೇ ಅವನ ಆಸೆ. ಪಾವಗಡದಲ್ಲಿ ವಾತ ಎಂದರು. ಮಧುಗಿರಿಯಲ್ಲಿ, ಎಂದೋ ಮರದಿಂದ ಬಿದ್ದಿರಬೇಕು ಎಂದರು. ಅವನು ಒಮ್ಮೆಯೂ ಬಿದ್ದವನಲ್ಲ. ಆ ಮಾತಿಗೆ ನೋವಿಗಿಂತ ಹೆಚ್ಚು ಅವಮಾನವಾಯಿತು. ಶಿರಾದ ಒಬ್ಬ ಡಾಕ್ಟರು ಮಾತ್ರ ಹಲ್ಲು ನೋಡಿ, "ಯಾವ ನೀರು ಕುಡೀತೀರಿ?" ಎಂದು ಕೇಳಿದರು.

"ಪಿಲ್ಟ್ರು ನೀರೇ ಸ್ವಾಮಿ. ಬೋರಿನ ನೀರು ಬಾಯಿಗೂ ಹಾಕ್ಕಳಲ್ಲ," ಎಂದಳು ಹೆಂಡತಿ ಲಕ್ಷ್ಮೀದೇವಿ, ಹೆಮ್ಮೆಯಿಂದಲೇ. ಡಾಕ್ಟರು ನೀರಿನ ಮೇಲಿನ ಅನುಮಾನವನ್ನು ಅಲ್ಲಿಗೇ ಬಿಟ್ಟರು.

ಅವಳು ಸುಳ್ಳು ಹೇಳಲಿಲ್ಲ. ನಮ್ಮ ಕಡೆ ಅಂಬಲಿಯನ್ನು ಯಾರೂ ನೀರಿನ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಊಟ. ಕ್ಯಾನಿನಲ್ಲಿ ತರುವ ಫಿಲ್ಟರ್ ನೀರಲ್ಲಿ ಹದವಾಗಿ ಹುಳಿ ಬರುವುದಿಲ್ಲವೆಂದು ಬೋರಿನ ನೀರಲ್ಲೇ ಕಾಯಿಸುತ್ತೇವೆ, ಪಕ್ಕದಲ್ಲೇ ಇರುವ ನಮ್ಮ ಮನೆಯಲ್ಲೂ. ಗಂಡ ಸೊರಗಿದಷ್ಟೂ ಶಕ್ತಿ ಬರಲೆಂದು ಲಕ್ಷ್ಮೀದೇವಿ ಚೊಂಬಿನ ಮೇಲೆ ಚೊಂಬು ಅಂಬಲಿ ಕುಡಿಸಿದಳು. ವರ್ಷಗಳು ಹಾಗೇ ಕಳೆದವು.

ಕೊನೆಗೆ ತುಮಕೂರಿನಲ್ಲಿ ಶ್ರೀಲತಾ ಎಂಬ ಡಾಕ್ಟರು ಎಕ್ಸ್‌ರೇ ನೋಡಿ, ಬೋರಿನ ನೀರಲ್ಲಿರುವ ಫ್ಲೋರೈಡ್ ಮೂಳೆಗೆ ಇಳಿದಿದೆ ಎಂದರು. ಅನ್ನಕ್ಕೆ ಯಾವ ನೀರು, ಸಾರಿಗೆ ಯಾವುದು, ಅಂಬಲಿಗೆ ಯಾವುದು ಎಂದು ಒಂದೊಂದಾಗಿ ಕೇಳಿದರು. ಲಕ್ಷ್ಮೀದೇವಿಗೆ ಆಗ ಹೊಳೆಯಿತು.

"ನಾನೇ ಕುಡಿಸ್ಬುಟ್ನಲ್ಲ ತಾಯಿ. ಇನ್ನ ನೆಟ್ಟಗಾಯ್ತಾರಾ?"

"ಇಷ್ಟು ಬಿಗಿದ ಮೇಲೆ ಕಷ್ಟ ಕಣಮ್ಮ. ಇನ್ನೂ ಹೆಚ್ಚಾಗದ ಹಾಗೆ ನೋಡ್ಕೋಬೇಕು."

ರೋಗಕ್ಕೆ ಹೆಸರು ಸಿಕ್ಕಿತು. ಆ ಹೆಸರಿಟ್ಟುಕೊಂಡು ಏನು ಮಾಡುವುದು? ಯಾರ ಮೇಲೆ ಎಂದು ಗೊತ್ತಿಲ್ಲದೆಯೂ ನನಗೆ ಸಿಟ್ಟು ಬರುತ್ತದೆ.

ಈ ಬೇಸಿಗೆಯಲ್ಲಿ ಅವನನ್ನು ಹಿತ್ತಿಲ ಹುಣಸೆ ಮರದ ನೆರಳಲ್ಲಿ ಕೂರಿಸಿದ್ದೆವು.

"ಮರ ಹೆಂಗೈತೆ ಈ ವರ್ಸ?" ಎಂದು ಕೇಳಿದ.

ಹಣ್ಣಿನ ಭಾರಕ್ಕೆ ಕೊಂಬೆಗಳು ಜೋತುಬಿದ್ದಿದ್ದವು. ಅವನು ನೊಂದುಕೊಳ್ಳಬಾರದೆಂದು ಲಕ್ಷ್ಮೀದೇವಿ, "ಎಲ್ಲೈತೆ, ಈ ಸಲ ಕಾಯೇ ಹಿಡ್ದಿಲ್ಲ," ಎಂದಳು.

ಕದಿರಯ್ಯನಿಗೆ ಈಗ ಕಾಣುವುದು ನೆಲವೊಂದೇ, ಆ ನೆಲದ ತುಂಬ ಹುಣಸೆ ಹಣ್ಣು ಉದುರಿ ಬಿದ್ದಿತ್ತು.