ಉತ್ತರ ಅಜ್ಜಿಯೇ ಹೇಳಲಿ

ನೆವಾರ್ಕಿನ ಕಡೆಯಿಂದ ಫ್ರೀವೇ ಹಿಡಿದು ಬರುವ ಕಾರುಗಳ ದೀಪ ಇನ್ನೂ ಆರಿಲ್ಲ. ಆಸ್ಪತ್ರೆಯೊಳಗೆ ವಾಣಿಶ್ರೀ ಆಗಲೇ ಸ್ಟೂಲು ಎಳೆದುಕೊಂಡು ವೃದ್ಧರೊಬ್ಬರ ಎದುರು ಕೂತಿದ್ದಾರೆ. ಅವರ ಹಣೆ ಇವರ ಹೆಗಲ ಮೇಲಿದೆ. ಹಿಂದಿನಿಂದ ಡಾಕ್ಟರು ಬೆನ್ನಿಗೆ ಸೂಜಿ ಚುಚ್ಚಿ, ಶ್ವಾಸಕೋಶದ ಸುತ್ತ ತುಂಬಿಕೊಂಡ ನೀರು ತೆಗೆಯುತ್ತಿದ್ದಾರೆ. ಅಲುಗಾಡುವಂತಿಲ್ಲ. "ಚೆನ್ನಾಗಿ ಒರಗ್ಕೊಳ್ಳಿ ತಾತ, ನಾನೇನೂ ಬಿದ್ದೋಗಲ್ಲ" ಎನ್ನುತ್ತಾರೆ ವಾಣಿಶ್ರೀ. ತಾತ ನಗಲು ಹೋಗಿ ಡಾಕ್ಟರಿಂದ ಬೈಸಿಕೊಳ್ಳುತ್ತಾರೆ.

ಹಾಸನದ ಕಡೆಯ ಈಕೆ ಇಲ್ಲಿಗೆ ಬಂದದ್ದು ಗಂಡ ಶಿವರಾಮು ಅವರ ವೀಸಾದ ಬಾಲ ಹಿಡಿದು. ಕೆಲಸ ಮಾಡುವ ಪರವಾನಗಿ ಸಿಗದೆ ವರ್ಷಗಟ್ಟಲೆ ಅಪಾರ್ಟ್‌ಮೆಂಟಿನ ಗೋಡೆ ನೋಡುತ್ತ ಕೂತರು. ಅದು ಸಿಕ್ಕ ಮೇಲೆ ಮಗಳನ್ನು ಡೇಕೇರಿಗೆ ಬಿಟ್ಟು, ತಮಗಿಂತ ಎಷ್ಟೋ ಚಿಕ್ಕವರ ಪಕ್ಕ ಬೆಂಚಿನಲ್ಲಿ ಕೂತು ಓದಿ ಡಾಕ್ಟರ ಸಹಾಯಕಿಯಾದರು. ಆಸ್ಪತ್ರೆಯ ದುಭಾಷಿ ಪರೀಕ್ಷೆಯನ್ನೂ ಪಾಸು ಮಾಡಿದರು. ಈಗ ದಿನಕ್ಕೆ ನಾಲ್ಕೈದು ಮಂದಿ ಈ ಹೆಗಲಿಗೆ ಒರಗುತ್ತಾರೆ. "ಮಗಳು ರೇಗಿಸ್ತಾಳೆ, ಅಮ್ಮಾ, ಯು ಹಗ್ ಪೀಪಲ್ ಫಾರ್ ಎ ಲಿವಿಂಗ್ ಅಂತ. ಹೌದು ಕಣೇ, ಇನ್ಶೂರೆನ್ಸೂ ಕೊಡ್ತಾರೆ ಅಂತೀನಿ."

ವಾಣಿಶ್ರೀ ಅವರದೊಂದು ಹಟವಿದೆ. ಅಜ್ಜ ಅಜ್ಜಿಯರ ಜೊತೆ ಮಾತಾಡುವಾಗ ಮನೆಯವರು ಹೊರಗಿರಬೇಕು. ನಮ್ಮ ಮಂದಿಗೆ ಇದು ಸುತರಾಂ ಒಗ್ಗದು. ಅಮ್ಮನಿಗೆ ಕೇಳಿದ್ದಕ್ಕೆ ಮಗ ಉತ್ತರಿಸುತ್ತಾನೆ, ಅಮ್ಮ ಮಗನ ಮುಖ ನೋಡುತ್ತಾಳೆ. ಈ ಹಟಕ್ಕಾಗಿ ವಾಣಿಶ್ರೀ ಮೇಲೆ ದೂರು ಹೋದದ್ದೂ ಉಂಟು.

ಕಳೆದ ವರ್ಷ ಬಂದವರು ಗದಗಿನ ಚನ್ನಬಸವ್ವ. ತಮ್ಮ ಹೆಸರು ಹಾಕಿಯೇ ಬರೆಯಿರಿ ಎಂದು ಅವರೇ ಹೇಳಿದ್ದಾರೆ. ಎಪ್ಪತ್ತು ದಾಟಿದ ಜೀವ, ನಾಲ್ಕು ಹೆಜ್ಜೆಗೆ ಏದುಸಿರು. ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ ಎಂದು ಡಾಕ್ಟರು ಕೇಳಿದರೆ ಮಗಳು ಉಮಾಶ್ರೀ ಥಟ್ಟನೆ "ನೋ" ಎಂದರು. ತೆಗೆದ ನೀರಿನಲ್ಲಿ ಯಾವ ರೋಗಾಣುವೂ ಕಾಣಲಿಲ್ಲ. ಕ್ಯಾನ್ಸರ್ ಇರಬಹುದೆಂಬ ಗುಮಾನಿ ಶುರುವಾಯಿತು. ಪಕ್ಕೆಯಲ್ಲಿ ಸಣ್ಣ ತೂತು ಮಾಡಿ, ಶ್ವಾಸಕೋಶದ ಹೊರಪೊರೆಯ ಚೂರು ತೆಗೆದು ನೋಡಬೇಕು ಎಂದರು. ಉಮಾಶ್ರೀ ಅಮ್ಮನಿಗೆ ಹೇಳಿದ್ದು ಮಾತ್ರ "ನೆಗಡಿ ನೀರು" ಎಂದು. ನೆಗಡಿಗೆ ಯಾರಾದರೂ ಪಕ್ಕೆ ಕೊಯ್ಯುತ್ತಾರೆಯೇ? ಅಜ್ಜಿ ಖಡಾಖಂಡಿತವಾಗಿ ಒಲ್ಲೆ ಎಂದುಬಿಟ್ಟರು. ರೋಗ ಯಾವುದೆಂದು ತಿಳಿಯದೆ ಔಷಧ ಕೊಡುವುದಾದರೂ ಹೇಗೆ?

ವಾಣಿಶ್ರೀ ಉಮಾಶ್ರೀಯವರನ್ನು ಕಾಫಿಗೆ ಅಟ್ಟಿದರು. ಬಾಗಿಲು ಮುಚ್ಚಿದ್ದೇ ತಡ, ಅಜ್ಜಿ ಕೈ ಹಿಡಿದರು. "ನನಗ ಏನಾಗೇತಿ, ಖರೇ ಹೇಳಿಸವಾ." ಡಾಕ್ಟರು ಹೇಳಿದರು, ವಾಣಿಶ್ರೀ ಒಂದು ಮಾತೂ ಬಿಡದೆ ಕನ್ನಡಕ್ಕಿಳಿಸಿದರು. ಕ್ಯಾನ್ಸರ್ ಎಂಬ ಪದವನ್ನೂ ನುಂಗಲಿಲ್ಲ. ಆಗ ಅಜ್ಜಿ ಹೇಳಿದರು: "ನಮ್ಮ ಮಾಲಕರಿಗೆ ಟಿಬಿ ಇತ್ತು. ಊರಿಗೆಲ್ಲಾ ದಮ್ಮು ಅಂತ ಹೇಳಿದ್ವಿ. ಹೆಣ್ಣಮಕ್ಕಳ ಲಗ್ನ ಆಗಬೇಕಿತ್ತಲ್ಲ? ನಾಚಿಕಿಗೆ ದವಾಖಾನಿ ಬಿಟ್ರು, ಹ್ವಾದ್ರು." ಗಂಡನ ಆರೈಕೆ ಮಾಡಿದ್ದು ಇವರೇ.

ಆಗ ಹೊಕ್ಕ ರೋಗಾಣು ದಶಕಗಳ ಕಾಲ ಮೈಯೊಳಗೆ ನಿದ್ದೆ ಮಾಡಿ ಮುಪ್ಪಿನಲ್ಲಿ ಏಳಬಹುದು, ಈ ನೀರಿನಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ, ಅದಕ್ಕೇ ಪೊರೆಯ ಚೂರು ಬೇಕು ಎಂದು ಡಾಕ್ಟರು ವಿವರಿಸಿದರು. ಅಜ್ಜಿ ಒಪ್ಪಿದರು. ಗಂಡನ ವಿಷಯ ಮಗಳ ಕಿವಿಗೆ ಬೀಳಬಾರದು ಎಂಬ ಷರತ್ತು ಹಾಕಿಯೇ ಒಪ್ಪಿದರು.

ಪರೀಕ್ಷೆಯಲ್ಲಿ ಟಿಬಿಯೇ ಎಂದು ಗೊತ್ತಾಯಿತು, ಗುಣವಾಗುವಂಥದು. ಉಮಾಶ್ರೀ ಕಾರಿಡಾರಿನಲ್ಲಿ ನಗುತ್ತ ಅತ್ತರು. ಟಿಬಿ ಬಂದದ್ದಕ್ಕೆ ಇಷ್ಟು ಸಂಭ್ರಮಿಸಿದ ಮನೆ ಇನ್ನೊಂದಿರಲಿಕ್ಕಿಲ್ಲ! "ಆದ್ರೆ ಎಲ್ಲಿಂದ ಬಂತು?" ಎಂದು ಅವರು ಕೇಳಿದಾಗ ವಾಣಿಶ್ರೀ ಬಾಯಿಬಿಡಲಿಲ್ಲ.

ಕೆಲವು ತಿಂಗಳ ಬಳಿಕ, ಸೋಂಕು ಹರಡುವ ಭಯವಿಲ್ಲವೆಂದು ಖಾತ್ರಿಯಾದ ಮೇಲೆ, ಡ್ಯಾನ್‌ವಿಲ್‌ನಿಂದ ನೆಂಟರು ಊಟಕ್ಕೆ ಬಂದರು. ಅಜ್ಜಿ ಎಲ್ಲರೆದುರೇ ಮಾತ್ರೆ ತೆಗೆದರು. ಅದೇನು ಎಂದರು ನೆಂಟರು. ವಿಟಮಿನ್ನು ಎಂದರು ಉಮಾಶ್ರೀ. "ವಿಟಮಿನ್ ಅಲ್ಲ, ಟಿಬಿ ಗುಳಗಿ," ಎಂದರು ಚನ್ನಬಸವ್ವ. "ಉಮಾ, ನಿಮ್ಮ ಅಪ್ಪಾರಿಗೂ ಇದ ಇತ್ತು. ಅವರು ಅರ್ಧಕ್ಕ ಬಿಟ್ರು, ನಾ ಬಿಡಂಗಿಲ್ಲ."

ಆ ರಾತ್ರಿಯೇ ಉಮಾಶ್ರೀ ಫೋನು ಮಾಡಿ, ಇದು ನಿಮಗೆ ಮೊದಲೇ ಗೊತ್ತಿತ್ತಾ ಎಂದು ವಾಣಿಶ್ರೀಯವರನ್ನು ಕೇಳಿದರಂತೆ. ಇದನ್ನು ಹೇಳುವಾಗ ಮಾತ್ರ ವಾಣಿಶ್ರೀ ಮುಖದಲ್ಲಿ ಒಂಚೂರು ಜಂಬ ಕಾಣುತ್ತದೆ.

"ಅಮ್ಮನ್ನೇ ಕೇಳಿ ಅಂದೆ."