ಹೇಳಬಾರದ ಬೆಲೆ

ರೋಸೆಲ್ಲಾ ಮಿಶೋಳ ಔಷಧಿ ಅಂಗಡಿಗೆ ಹದಿನಾಲ್ಕು ವರ್ಷ ಪೆಟ್ಟಿಗೆ ಇಳಿಸಿದವನು ನಾನು. ನಮ್ಮದು ಅಮೆರಿಕದ ಮೇನ್ ರಾಜ್ಯದ ಉತ್ತರದ ತುದಿ, ಹೊಳೆ ದಾಟಿದರೆ ಕೆನಡಾ. ಬೆಳಿಗ್ಗೆ ಏಳಕ್ಕೆ ನನ್ನ ವ್ಯಾನು ಹಿಂಬಾಗಿಲಿಗೆ ಬರುವಷ್ಟರಲ್ಲಿ ಅವಳು ಬಿಳಿ ಕೋಟಿನ ಗುಂಡಿಯೆಲ್ಲ ಹಾಕಿಕೊಂಡು ನಿಂತಿರುತ್ತಿದ್ದಳು. ಅಪ್ಪನಿಂದ ಬಂದ ಅಂಗಡಿ, ಮೇಲಿನ ಮಹಡಿಯಲ್ಲೇ ಮನೆ. ಮದುವೆ ಆಗಲಿಲ್ಲ, ಒಡಹುಟ್ಟಿದವರು ಉಳಿಯಲಿಲ್ಲ. ವಯಸ್ಸು ಅರವತ್ಮೂರು. ಊರಿನ ಅರ್ಧ ಜನರ ಬಿಪಿ, ಸಕ್ಕರೆ, ಮಲಬದ್ಧತೆ ಎಲ್ಲ ಅವಳಿಗೆ ಗೊತ್ತು. ಅವಳ ಹುಟ್ಟಿದ ದಿನ ಯಾವುದು ಅಂತ ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅವಳ ಹತ್ತಿರ ಮಾತಿಗೆಂದೇ ಬರುತ್ತಿದ್ದವನು ಒಬ್ಬ, ಕ್ಲೋವಿಸ್ ಡುಬೆ. ಆಲೂಗೆಡ್ಡೆ ಬೆಳೆದು ಬೆಳೆದು ಬೆನ್ನು ಬಾಗಿದ ಮುದುಕ, ಹೆಂಡತಿ ತೀರಿಹೋಗಿದ್ದಳು. ಬಿಪಿ ಮಾತ್ರೆಗೆ ತಿಂಗಳಿಗೊಮ್ಮೆ ಬಂದರೆ ಸಾಕಿತ್ತು. ಅವನು ಪ್ರತಿ ಗುರುವಾರ ಬರುತ್ತಿದ್ದ.

"ಏನಮ್ಮಾ ಮಾತ್ರೆ ಮಹಾರಾಣಿ, ಈ ವಾರ ಎಷ್ಟು ಜನಾನ ಸಾಯ್ಸಿದೆ?"

"ನೀನೊಬ್ಬ ಉಳ್ಕೊಂಡಿದೀಯಲ್ಲ, ಅದೇ ಬೇಜಾರು."

ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅವನ ಎದುರಿಗೆ ಮಾತ್ರ.

ಆ ಕ್ಲೋವಿಸ್ ವಿಮೆ ಕಾರ್ಡು ತೋರಿಸಿ ಮಾತ್ರೆಗೆ ಇಪ್ಪತ್ತೈದು ಡಾಲರ್ ಕೊಡುತ್ತಿದ್ದ. ಅದೇ ಮಾತ್ರೆ, ಅದೇ ಅಂಗಡಿಯಲ್ಲಿ, ಕಾರ್ಡಿಲ್ಲದೆ ಕೊಂಡರೆ ಒಂಬತ್ತು. ಮಿಕ್ಕ ಹದಿನಾರನ್ನು ಕಾರ್ಡು ನಡೆಸುವ ಮಧ್ಯವರ್ತಿ ಕಂಪನಿ ಅಂಗಡಿಯಿಂದ ವಾಪಸ್ಸು ಎಳೆದುಕೊಳ್ಳುತ್ತಿತ್ತು. ಇದನ್ನು ಗಿರಾಕಿಗೆ ಹೇಳಬಾರದು, ಕೇಳಿದರೂ ಹೇಳಬಾರದು ಅಂತ ಕರಾರು. ಹೇಳಿದರೆ ಕರಾರು ರದ್ದು. ಆಮೇಲೆ ಊರಿನ ಯಾವ ಕಾರ್ಡೂ ಆ ಅಂಗಡಿಯಲ್ಲಿ ನಡೆಯುವುದಿಲ್ಲ, ಅಂದರೆ ಬಾಗಿಲು ಹಾಕಿದ ಹಾಗೆ. ಕೆಲವು ಅಂಗಡಿಯವರು ಕೆಮ್ಮಿ, ಕಣ್ಣು ಹೊಡೆದು ಹೇಗೋ ತಿಳಿಸುತ್ತಿದ್ದರಂತೆ. ರೋಸೆಲ್ಲಾ ಆ ಜಾತಿಯವಳಲ್ಲ. ಸಹಿ ಹಾಕಿದ್ದೇನೆ ಅಂದರೆ ಹಾಕಿದ್ದೇನೆ. ಹನ್ನೊಂದು ವರ್ಷ, ತಿಂಗಳಿಗೊಮ್ಮೆ, ಅವನ ಮುಖ ನೋಡದೆ "ಇಪ್ಪತ್ತೈದು" ಅನ್ನುತ್ತಿದ್ದಳು. ಆ ಕರಾರು ಬರೆದ ಮನುಷ್ಯ ನನ್ನ ಕೈಗೆ ಸಿಕ್ಕಿದ್ದರೆ ಅವನಿಗೇ ಮಾತ್ರೆ ಬೇಕಾಗುತ್ತಿತ್ತು.

ಎರಡು ಸಾವಿರದ ಹದಿನೇಳರಲ್ಲಿ ರಾಜ್ಯದ ಶಾಸನಸಭೆಗೆ ಒಂದು ಮಸೂದೆ ಬಂತು. ಕಾರ್ಖಾನೆಯಿಂದ ಗಿರಾಕಿಯ ಕೈ ಸೇರುವ ತನಕ ಔಷಧಿಯ ಮೇಲೆ ಯಾರ್‍ಯಾರು ಎಷ್ಟೆಷ್ಟು ಕೀಳುತ್ತಾರೆ ಅನ್ನುವುದು ಬಯಲಾಗಬೇಕು, ಅಂಗಡಿಯವರ ಬಾಯಿಗೆ ಹಾಕಿದ ಬೀಗ ತೆಗೆಯಬೇಕು ಅಂತ. ಅನುಭವ ಇದ್ದವರು ಬಂದು ಹೇಳಿ ಎಂದು ಕರೆದರು. ಅವಳ ಹಳೇ ಕಾರು ಅಷ್ಟು ದೂರ ಬರುವುದಿಲ್ಲವೆಂದು ರಜೆ ಹಾಕಿ ನಾನೇ ರಾಜಧಾನಿ ಆಗಸ್ಟಾಗೆ ಕರೆದುಕೊಂಡು ಹೊರಟೆ.

"ಇದು ಕ್ಲೋವಿಸ್‌ಗೆ ಗೊತ್ತಾದ್ರೆ ಏನಂದ್ಕೋತಾನೋ," ಅಂದಳು ಅರ್ಧ ದಾರಿಯಲ್ಲಿ.

"ಮೊದ್ಲೇ ನೀವೇ ಹೇಳ್ಬಿಡ್ಬೇಕಿತ್ತು."

"ಕಾನೂನು ಬರೋ ತನಕ ಅವನಿಗೆ ಹೇಳೋ ಹಾಗಿಲ್ಲ. ಶಾಸಕರ ಮುಂದೆ ಹೇಳ್ಬಹುದಂತೆ. ಹುಚ್ಚು ಅಲ್ವಾ?"

"ಹುಚ್ಚಲ್ಲ, ಹಲ್ಕಾತನ."

ಒಬ್ಬೊಬ್ಬರಿಗೆ ಮೂರು ನಿಮಿಷ. ಹೇಳುವುದನ್ನೆಲ್ಲ ಬರೆದು ಇಪ್ಪತ್ತು ಪ್ರತಿ ಮೊದಲೇ ಕೊಡಬೇಕು. ಅವಳಿಗಿಂತ ಮುಂಚೆ ಕಂಪನಿಗಳ ಪರವಾಗಿ ಸೂಟು ಹಾಕಿದವನೊಬ್ಬ ಎದ್ದು, ಎಲ್ಲ ಬಯಲು ಮಾಡಿದರೆ ಬೆಲೆ ಇನ್ನೂ ಏರುತ್ತದೆ ಅಂದ. ನಾನು ಏಳಲು ಹೋದೆ, ರೋಸೆಲ್ಲಾ ತೋಳು ಹಿಡಿದು ಕೂರಿಸಿದಳು. ಆಮೇಲೆ ಹೋಗಿ ತನ್ನದನ್ನು ಓದಿದಳು.

ಔಷಧಿ ಅಂಗಡಿಯವರು ರೋಗಿಯ ಹೆಸರು ಹೇಳುವ ಹಾಗಿಲ್ಲ. ನಲವತ್ತು ವರ್ಷದ ಅಭ್ಯಾಸ, ಅವಳು ಹೇಳಲಿಲ್ಲ. "ನನ್ನಲ್ಲಿಗೆ ಪ್ರತಿ ಗುರುವಾರ ಬರುವವರೊಬ್ಬರು," ಅಂದಳು. "ವಸಂತದಲ್ಲಿ ಹೊಳೆದಂಡೆಯ ಜರೀಗಿಡದ ಎಳೆ ಸುರುಳಿ ಅಡುಗೆಗೆಂದು ಕಿತ್ತು ತಂದುಕೊಡುವವರು. ಹನ್ನೊಂದು ವರ್ಷ ಅವರ ಕಣ್ಣೆದುರೇ ಸುಮ್ಮನಿದ್ದೆ." ಹೆಸರು ಬಿಟ್ಟರೆ ಮನುಷ್ಯನೂ ಮರೆಯಾದ ಅಂದುಕೊಂಡಿದ್ದಳು, ಪಾಪ. ಒಂದೂವರೆ ಸಾವಿರ ಜನರ ಊರು ನಮ್ಮದು.

ಶನಿವಾರದ ಪೇಪರಿನಲ್ಲಿ ಒಂಬತ್ತು, ಇಪ್ಪತ್ತೈದರ ಲೆಕ್ಕದ ಸಮೇತ ಅಷ್ಟೂ ಬಂತು. ಕ್ಲೋವಿಸ್ ಎಂದಿನಂತೆ ಹೋಟೆಲಿಗೆ ಬಂದು ಬಕ್‌ವೀಟ್ ದೋಸೆ ಕೇಳಿದ. ಹಿಂದಿನ ಮೇಜಿನಿಂದ ಒಬ್ಬ ಕೂಗಿದ:

"ಲೇ ಕ್ಲೋವಿಸ್, ದೋಸೆಗೂ ಕಾರ್ಡ್ ತೋರ್ಸೋ! ಇಪ್ಪತ್ತೈದಕ್ಕೇ ಕೊಡ್ತಾರೆ!"

ಇಡೀ ಹೋಟೆಲು ನಕ್ಕಿತು. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ. ಅವನು ತಟ್ಟೆ ಬರುವ ಮೊದಲೇ ಎದ್ದು ಹೋದ.

ಆ ಗುರುವಾರ ಅವನು ಅಂಗಡಿಗೆ ಬರಲಿಲ್ಲ. ಮುಂದಿನ ಗುರುವಾರವೂ ಇಲ್ಲ. ಮಾತ್ರೆ ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದಾನಂತೆ ಅಂತ ಸುದ್ದಿ ಬಂತು.

ಮಸೂದೆ ಪಾಸಾಯಿತು. ಕಾನೂನು ಜಾರಿಗೆ ಬಂದ ಬೆಳಿಗ್ಗೆ ನಾನು ಪೆಟ್ಟಿಗೆ ಇಳಿಸುತ್ತಿದ್ದಾಗ ಅವಳು ಫೋನು ಎತ್ತಿಕೊಂಡಳು. ಕ್ಲೋವಿಸ್‌ನ ಕಿವಿ ಮಂದ, ಫೋನಿನಲ್ಲಿ ಕಿರುಚಿಯೇ ಮಾತಾಡುತ್ತಾನೆ. ಎರಡೂ ಕಡೆಯದು ನನಗೆ ಕೇಳಿಸಿತು.

"ಕ್ಲೋವಿಸ್, ನಾನು ರೋಸೆಲ್ಲಾ. ನಿನ್ನ ಮಾತ್ರೆ ಕಾರ್ಡ್ ಇಲ್ದೆ ಒಂಬತ್ತು ಡಾಲರು."

"ಗೊತ್ತು. ಊರೆಲ್ಲ ಓದ್ತಲ್ಲ."

"ಹೇಳೋ ಹಾಗಿರ್ಲಿಲ್ಲ ಕಣೋ. ಅಂಗಡಿ ಹೋಗ್ತಿತ್ತು."

"ಅಂಗಡಿ ಹೋಗ್ತಿತ್ತು, ನಿಜ. ಆದ್ರೆ ರೋಸೀ, ನಾನು ವಾರ ವಾರ ಬರ್ತಿದ್ದುದು ಅಂಗಡಿಗೆ ಅಂದ್ಕೊಂಡ್ಯಾ?"

ಫೋನು ಇಟ್ಟುಬಿಟ್ಟ.

ನನಗೆ ತಡೆಯಲಾಗಲಿಲ್ಲ. "ಮುದುಕನ್ನ ವ್ಯಾನಲ್ಲಿ ಹಾಕ್ಕೊಂಡು ಬರ್ತೀನಿ ಇರಿ," ಅಂದೆ.

"ಬೇಡ. ಅವನು ಹೇಳಿದ್ದು ಸರಿಯಾಗೇ ಇದೆ."

ಅಂಗಡಿ ತೆರೆಯಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಅವನು ಬಂದರೂ ಬಂದಾನು ಅನ್ನುವ ಹಾಗೆ ಅವಳು ಹೋಗಿ ಮುಂಬಾಗಿಲ ಚಿಲಕ ತೆಗೆದಳು.